ಮಗನ ಮದುವೆ ನಿಲ್ಲಿಸಿ, ಉಳಿದದ್ದಕ್ಕೆ ಅವಸರ ಬೇಡ

ಪ್ರಶ್ನೆ: "ಡಾಕ್ಟ್ರೇ, ನಮ್ಮದು ಶಿರಸಿಯಿಂದ ಒಳಗೆ ಒಂದು ಹಳ್ಳಿ. ಎರಡು ಎಕರೆ ಅಡಿಕೆ ತೋಟ. ಮಗನಿಗೆ 31 ವರ್ಷ, ಬೆಂಗಳೂರಲ್ಲಿ ಕಂಪನಿ ಕೆಲಸ. ಮಗಳಿಗೆ 24. ನಮ್ಮ ಕಡೆ ಹೆಣ್ಣು ಸಿಗುವುದು ಎಷ್ಟು ಕಷ್ಟ ಅಂತ ನಿಮಗೇ ಗೊತ್ತು. ನಾಲ್ಕು ವರ್ಷ ಹುಡುಕಿದ ಮೇಲೆ ಈ ಸಲ ಒಂದು ಒಳ್ಳೆ ಸಂಬಂಧ ಬಂತು. ಜಾತಕ ಹೊಂದಿತು. ವೈಶಾಖದಲ್ಲಿ ಮದುವೆ ಅಂತ ಮಾತಾಗಿದೆ. ಕೊಯ್ಲಿಗೆ ರಜೆ ಹಾಕಿ ಬಂದಿದ್ದ ಮಗ, ರಾತ್ರಿ ಅಡಿಕೆ ಸುಲಿದು ಎಲ್ಲರೂ ಎದ್ದು ಹೋದ ಮೇಲೆ, 'ಆಯಿ, ಯಂಗೆ ಈ ಮದುವೆ ಬ್ಯಾಡ' ಅಂದ. ಹುಡುಗಿಯರ ಮೇಲೆ ಮನಸ್ಸೇ ಬರುವುದಿಲ್ಲವಂತೆ. ನಾಲ್ಕು ವರ್ಷದಿಂದ ಒಬ್ಬ ಹುಡುಗನ ಜೊತೆ ಇದ್ದಾನಂತೆ. ಕೈಯಲ್ಲಿದ್ದ ಅಡಿಕೆ ಹಾಗೇ ಉಳಿಯಿತು.

ನಮ್ಮನೆಯವರು ಅಂದಿನಿಂದ ಮಗನ ಹತ್ತಿರ ಮಾತಾಡಿಲ್ಲ. ಒಂದು ದಿನ ದೊಡ್ಡ ಡಾಕ್ಟರಿಗೆ ತೋರಿಸಿ ಇಂಜೆಕ್ಷನ್ ಕೊಡಿಸುವ ಅಂತಾರೆ. ಇನ್ನೊಂದು ದಿನ ಗೋಕರ್ಣಕ್ಕೆ ಹೋಗಿ ಪೂಜೆ ಮಾಡಿಸುವ ಅಂತಾರೆ. ಮದುವೆ ಆದ್ರೆ ಎಲ್ಲ ಸರಿ ಹೋಗ್ತದೆ ಅಂತಲೂ ಅಂತಾರೆ. ಶಾಲೆಯಲ್ಲಿದ್ದಾಗ ಯಕ್ಷಗಾನದಲ್ಲಿ ಸ್ತ್ರೀವೇಷ ಮಾಡಲು ಕಳಿಸಿದ್ದೇ ತಪ್ಪಾಯ್ತು ಅಂತ ರಾತ್ರಿ ಎದ್ದು ಕೂರ್ತಾರೆ. ಮಗಳು 'ಅದರಲ್ಲೇನಿದೆ, ಈಗ ಕಾನೂನೇ ಒಪ್ಪಿದೆ' ಅಂತ ಅಪ್ಪನ ಹತ್ತಿರ ಜಗಳ ಆಡ್ತಾಳೆ. ಅತ್ತೆಗೆ 84. ಅವರಿಗೆ ನಾವು ಹೇಳಿರಲಿಲ್ಲ, ಹೇಗೋ ಕಿವಿಗೆ ಬಿದ್ದಿದೆ. 'ಮಾಣಿ ಸರಿ ಊಟ ಮಾಡ್ತಿದ್ನಾ' ಅಂತ ಕೇಳಿದರು, ಅಷ್ಟೇ. ಕಳೆದ ವಾರ ಮಗ ಫೋನಲ್ಲಿ 'ನಾನು ಇಲ್ಲದೇ ಹೋಗಿದ್ದರೆ ನಿಮಗೆ ಈ ತಲೆಬಿಸಿ ಇರ್ತಿರಲಿಲ್ಲ' ಅಂದ.

ಇದು ಕಾಯಿಲೆಯಾ? ನಾವು ಬೆಳೆಸಿದ್ದರಲ್ಲಿ ತಪ್ಪಾಯ್ತಾ? ಹುಡುಗಿ ಮನೆಯವರಿಗೆ ಏನು ಹೇಳಲಿ? ಪ್ರತಿ ಭಾನುವಾರ ಅವನು ಫೋನ್ ಮಾಡ್ತಾನೆ. ಏನು ಮಾತಾಡಲಿ?"

(ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇವೆ.)

ಉತ್ತರ: ಅಕ್ಕಾ, ನಿಮ್ಮ ಪತ್ರದಲ್ಲಿ ನೀವು ಪ್ರಶ್ನೆ ಅಂತ ಕೇಳದೇ ಇರುವ ಒಂದು ಸಾಲಿದೆ. ಮೊದಲು ಅದರ ಬಗ್ಗೆ ಹೇಳುತ್ತೇನೆ. 'ನಾನು ಇಲ್ಲದೇ ಹೋಗಿದ್ದರೆ' ಅಂತ ಮಗ ಅಂದಿದ್ದು. ಬೇಜಾರಿನಲ್ಲಿ ಅಂದ ಮಾತು ಅಂತ ಅದನ್ನು ಬಿಡಬೇಡಿ. ಭಾನುವಾರದವರೆಗೆ ಕಾಯುವುದೂ ಬೇಡ. ಇವತ್ತೇ ನೀವೇ ಫೋನ್ ಮಾಡಿ. 'ಜೀವ ಕಳೆದುಕೊಳ್ಳುವ ಯೋಚನೆ ಏನಾದರೂ ಬರ್ತಾ ಇದೆಯಾ' ಅಂತ ನೇರವಾಗಿ ಕೇಳಿ. ಹಾಗೆ ಕೇಳಿದರೆ ಇಲ್ಲದ ಯೋಚನೆಯನ್ನು ನಾವೇ ತಲೆಗೆ ತುಂಬಿದ ಹಾಗಾಗುತ್ತದೆ ಅಂತ ತುಂಬ ಜನ ಹೆದರುತ್ತಾರೆ. ಹಾಗಾಗುವುದಿಲ್ಲ. ಒಬ್ಬರಾದರೂ ಕೇಳಿದರಲ್ಲ ಅಂತ ಮನಸ್ಸು ಹಗುರವೇ ಆಗುತ್ತದೆ.

ಅವನು 'ಹೌದು' ಅಂದರೆ, ಅಥವಾ ಉತ್ತರ ಕೊಡದೆ ಸುಮ್ಮನಾದರೆ, ಅವನ ಜೊತೆ ಇರುವ ಹುಡುಗನಿಗೆ ಒಂಟಿಯಾಗಿ ಬಿಡಬೇಡ ಅಂತ ಹೇಳಿ. ಅವತ್ತಿನ ರಾತ್ರಿ ಬಸ್ಸಿಗೇ ನೀವು ಅಥವಾ ಮಗಳು ಹೊರಡಿ. 14416 ಅಂತ ಸರ್ಕಾರದ ಟೆಲಿ ಮಾನಸ್ ನಂಬರ್ ಇದೆ. ಹಗಲು ರಾತ್ರಿ ಯಾವಾಗ ಬೇಕಾದರೂ ಸಿಗುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಅವನಿಗೂ ಕೊಡಿ, ನೀವೂ ಬರೆದಿಟ್ಟುಕೊಳ್ಳಿ.

ಎರಡನೆಯದು ಮದುವೆ. ಅದನ್ನು ನಿಲ್ಲಿಸಿ. ಉಳಿದ ವಿಷಯದಲ್ಲೆಲ್ಲ ಹೀಗೂ ಮಾಡಬಹುದು, ಹಾಗೂ ಮಾಡಬಹುದು ಅಂತ ಹೇಳುತ್ತೇನೆ. ಇದರಲ್ಲಿ ಮಾತ್ರ ಎರಡು ದಾರಿ ಇಲ್ಲ.

ಮದುವೆ ಆದರೆ ಸರಿ ಹೋಗುತ್ತದೆ ಅಂತ ಹೇಳುವವರು ನಿಮ್ಮ ಯಜಮಾನರೊಬ್ಬರೇ ಅಲ್ಲ. ಒಂದು ಕಾಲದಲ್ಲಿ ನಾನೂ ಹೇಳಿದ್ದೆ. ಆಗ ನಾನು ಪ್ರಾಕ್ಟೀಸ್ ಶುರು ಮಾಡಿ ಎರಡು ವರ್ಷ ಆಗಿತ್ತು, ತೊಂಬತ್ತರ ದಶಕದ ಕೊನೆ. ಘಟ್ಟದ ಕೆಳಗಿನ ಊರಿನ ಒಬ್ಬ ಹುಡುಗ ಬಂದಿದ್ದ. ಬಾಗಿಲು ಸರಿಯಾಗಿ ಮುಚ್ಚಿದೆಯಾ ಅಂತ ಎರಡು ಸಲ ತಿರುಗಿ ನೋಡಿದ. ಆಮೇಲೆ ಬಾಯಿ ಬಿಟ್ಟ. ನಾವು ಓದಿದ ವೈದ್ಯಕೀಯ ಪುಸ್ತಕಗಳಲ್ಲಿ ಇದು ವಿಕೃತಿ ಅಂತಲೇ ಇತ್ತು. 'ಒಳ್ಳೆ ಹುಡುಗಿ ನೋಡಿ ಮದುವೆ ಮಾಡ್ಕೋ, ಮನಸ್ಸು ತಾನಾಗೇ ತಿರುಗ್ತದೆ' ಅಂದೆ. ಡಾಕ್ಟರ್ ಮಾತು ಅಂತ ಅವನು ನಂಬಿದ. ಮದುವೆ ಆದ.

ಒಂಬತ್ತು ವರ್ಷದ ಮೇಲೆ ತಲೆನೋವು ಅಂತ ಒಬ್ಬ ಹೆಂಗಸು ಬಂದರು. ಕೈಯಲ್ಲಿ ಬಟ್ಟೆ ಅಂಗಡಿಯ ಪ್ಲಾಸ್ಟಿಕ್ ಚೀಲ. ಅದರೊಳಗೆ ಒಂದು ಫೈಲು. ಉಬ್ಬಿ ಉಬ್ಬಿ ಅಂಚು ಹರಿದು, ಬಾಳೆನಾರಿನಲ್ಲಿ ಕಟ್ಟಿದ್ದರು. ಮಕ್ಕಳಾಗಲಿಲ್ಲ ಅಂತ ಮೂರು ಊರಿನ ಆಸ್ಪತ್ರೆಗಳಲ್ಲಿ ಮಾಡಿಸಿದ ರಕ್ತ ಪರೀಕ್ಷೆ, ಸ್ಕ್ಯಾನಿಂಗ್, ಮಾತ್ರೆ ಚೀಟಿ. ಅಷ್ಟೂ ಅವರದ್ದೇ. ಗಂಡನ ಹೆಸರಿನ ಒಂದು ಹಾಳೆಯೂ ಅದರಲ್ಲಿ ಇರಲಿಲ್ಲ. ಎಲ್ಲ ರಿಪೋರ್ಟೂ ನಾರ್ಮಲ್. 'ನನ್ನಲ್ಲಿ ಎಂತ ಕಮ್ಮಿ ಅಂತ ಇದರಲ್ಲಿ ಎಲ್ಲೂ ಬರೆದಿಲ್ಲ ಡಾಕ್ಟ್ರೇ, ನೀವಾದ್ರೂ ಹೇಳಿ' ಅಂದರು. ಊರು, ಗಂಡನ ಹೆಸರು ಹೇಳಿದಾಗ ನನಗೆ ಗೊತ್ತಾಯಿತು. ಗೊತ್ತಾದರೂ ಹೇಳುವ ಹಾಗಿರಲಿಲ್ಲ. ಅದು ಅವನು ನನ್ನಲ್ಲಿ ನಂಬಿ ಇಟ್ಟ ಮಾತು. ಗಂಡನನ್ನು ಒಮ್ಮೆ ಕರೆದುಕೊಂಡು ಬನ್ನಿ ಅಂದೆ. ಅವನು ಬಂದ, ತಾನೇ ಹೇಳಿದ, ಮುಂದೆ ಇಬ್ಬರೂ ಬೇರೆಯಾದರು. ಆಗ ಆಕೆಗೆ 34 ವರ್ಷ. ಆ ಒಂಬತ್ತು ವರ್ಷದಲ್ಲಿ ನನ್ನ ಪಾಲೂ ಇದೆ. ಅದಕ್ಕೇ ನಿಮಗೆ ಇಷ್ಟು ಗಟ್ಟಿಯಾಗಿ ಹೇಳುತ್ತಿದ್ದೇನೆ.

ನೀವು ಜಾತಕ ನೋಡಿದ ಆ ಹುಡುಗಿಯ ಜಾಗದಲ್ಲಿ ನಿಮ್ಮ ಮಗಳನ್ನು ಇಟ್ಟು ನೋಡಿ. ಯಾರೋ ಹೀಗೆ ಮುಚ್ಚಿಟ್ಟು ಅವಳನ್ನು ತಂದುಕೊಂಡರೆ ನಿಮ್ಮ ಯಜಮಾನರು ಸುಮ್ಮನಿರುತ್ತಾರಾ? ಮದುವೆಯಿಂದ ಮನಸ್ಸಿನ ಒಲವು ಬದಲಾಗುವುದಿಲ್ಲ. ಮಗು ಹುಟ್ಟಿದರೂ ಬದಲಾಗುವುದಿಲ್ಲ. ಬೇಕಾದರೆ ಕಾನೂನಿನ ಮಾತೂ ಕೇಳಿ. ಒಪ್ಪಿಗೆಯನ್ನು ಮೋಸದಿಂದ ಪಡೆದರೆ ಮದುವೆ ರದ್ದು ಮಾಡಿ ಅಂತ ಕೋರ್ಟಿಗೆ ಹೋಗಲು 1955ರ ಹಿಂದೂ ವಿವಾಹ ಕಾಯ್ದೆಯಲ್ಲಿ ಅವಕಾಶ ಇದೆ. ಗುಟ್ಟು ಉಳಿಯಲಿ ಅಂತ ಮಾಡಿದ ಮದುವೆ, ಗುಟ್ಟನ್ನು ಕೋರ್ಟಿನ ಕಟಕಟೆಗೆ ತಂದು ನಿಲ್ಲಿಸಬಹುದು.

ನಾಲ್ಕು ವರ್ಷ ಹುಡುಕಿ ಸಿಕ್ಕ ಸಂಬಂಧ ಬಿಡುವುದು ಸಣ್ಣ ಸಂಗತಿ ಅಲ್ಲ ಅಂತ ನನಗೆ ಗೊತ್ತು. ಶಿರಸಿ, ಸಿದ್ದಾಪುರ, ಯಲ್ಲಾಪುರದ ತೋಟದ ಮನೆಗಳಲ್ಲಿ ನಲವತ್ತು ದಾಟಿದ ಎಷ್ಟು ಗಂಡುಮಕ್ಕಳು ಹೆಣ್ಣು ಸಿಗದೆ ಉಳಿದಿದ್ದಾರೆ! ಹೊರ ಜಿಲ್ಲೆ, ಹೊರ ರಾಜ್ಯದಿಂದ ಹೆಣ್ಣು ತರುವ ಕಾಲ ಇದು. ಆದರೆ ಅದೇ ಕಾರಣಕ್ಕೆ, ಮದುವೆಯಾಗದ ಮಗ ಮನೆಯಲ್ಲಿದ್ದರೆ ನಮ್ಮ ಕಡೆ ಯಾರೂ ಈಗ ಮೊದಲಿನ ಹಾಗೆ ಕೆದಕಿ ಕೇಳುವುದಿಲ್ಲ. ನಾಳೆಯೇ ಊರಿಗೆಲ್ಲ ಉತ್ತರ ಕೊಡಬೇಕು ಅಂತ ನಿಮ್ಮ ಮೇಲೆ ಒತ್ತಡ ಇಲ್ಲ.

ಇನ್ನು ಕಾಯಿಲೆಯಾ ಅಂತ ಕೇಳಿದ್ದೀರಿ. ಅಲ್ಲ. ಅಮೆರಿಕದ ಮನೋವೈದ್ಯರ ಸಂಘ 1973ರಲ್ಲೇ ಇದನ್ನು ಕಾಯಿಲೆಗಳ ಪಟ್ಟಿಯಿಂದ ತೆಗೆಯಿತು. ವಿಶ್ವ ಆರೋಗ್ಯ ಸಂಸ್ಥೆ 1990ರಲ್ಲಿ ತೆಗೆಯಿತು. ನಮ್ಮ ಭಾರತೀಯ ಮನೋವೈದ್ಯರ ಸಂಘ 2018ರಲ್ಲಿ ಇದು ಮಾನಸಿಕ ಕಾಯಿಲೆ ಅಲ್ಲ ಅಂತ ಬಾಯಿ ಬಿಟ್ಟು ಹೇಳಿತು. ಕಾಯಿಲೆ ಅಲ್ಲದ ಮೇಲೆ ಔಷಧಿಯೂ ಇಲ್ಲ. ನಿಮ್ಮ ಯಜಮಾನರು ಹೇಳುವ ಇಂಜೆಕ್ಷನ್ ಅಂದರೆ ಹಾರ್ಮೋನಿನದ್ದು ಇರಬೇಕು. ಸಲಿಂಗಿ ಗಂಡಸರ ಹಾರ್ಮೋನು ಬೇರೆ ಗಂಡಸರ ಹಾಗೇ ಇರುತ್ತದೆ. ಜಾಸ್ತಿ ಕೊಟ್ಟರೆ ಆಸೆ ಜಾಸ್ತಿ ಆಗಬಹುದು, ಅದು ಯಾರ ಕಡೆ ಹರಿಯುತ್ತದೆ ಅನ್ನುವುದು ಬದಲಾಗುವುದಿಲ್ಲ.

'ನಾನು ಬದಲಾಯಿಸಿ ಕೊಡುತ್ತೇನೆ' ಅನ್ನುವ ಡಾಕ್ಟರು ಯಾರಾದರೂ ಸಿಕ್ಕರೆ ಅಲ್ಲಿಂದ ಎದ್ದು ಬನ್ನಿ. ಹಿಂದೆ ಇದಕ್ಕೆ ಕರೆಂಟ್ ಶಾಕ್ ಕೊಡುತ್ತಿದ್ದರು, ವಾಂತಿ ಬರುವ ಔಷಧಿ ಕೊಡುತ್ತಿದ್ದರು. ಗುಣವಾದವರು ಯಾರೂ ಇಲ್ಲ. ಖಿನ್ನತೆಗೆ ಬಿದ್ದವರು, ಜೀವಕ್ಕೆ ಅಪಾಯ ಮಾಡಿಕೊಂಡವರು ಇದ್ದಾರೆ. ಹೀಗೆ 'ಪರಿವರ್ತನೆ ಚಿಕಿತ್ಸೆ' ಕೊಡುವುದು ವೈದ್ಯರ ದುರ್ನಡತೆ ಅಂತ ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ ರಾಜ್ಯಗಳ ವೈದ್ಯಕೀಯ ಮಂಡಳಿಗಳಿಗೆ ತಿಳಿಸಿದೆ.

ಪೂಜೆಯ ವಿಷಯ. ಗೋಕರ್ಣಕ್ಕೆ ಹೋಗಬೇಡಿ ಅಂತ ನಾನು ಹೇಳುವುದಿಲ್ಲ. ದೇವರ ಮುಂದೆ ಕೂತರೆ ನಿಮ್ಮಿಬ್ಬರಿಗೆ ಸಮಾಧಾನ ಆಗುವುದಾದರೆ ಖಂಡಿತ ಹೋಗಿ. ಮಗನನ್ನು ಸರಿ ಮಾಡುವುದಕ್ಕೆ ಅಂತ ಸಂಕಲ್ಪ ಮಾಡಿ, ಅವನನ್ನು ಮಣೆ ಮೇಲೆ ಕೂರಿಸಬೇಡಿ. ತನ್ನಲ್ಲೇ ಏನೋ ದೋಷ ಇದೆ ಅಂತ ಅವನು ಹದಿನೈದು ವರ್ಷದಿಂದ ಒಬ್ಬನೇ ನಂಬಿಕೊಂಡು ಬಂದಿರುತ್ತಾನೆ. ತಂದೆ ತಾಯಿಯೇ ಅದನ್ನು ಮಂತ್ರ ಸಮೇತ ಹೇಳಿದರೆ ಆ ಪೆಟ್ಟು ತುಂಬ ಆಳಕ್ಕೆ ಹೋಗುತ್ತದೆ.

ಬೆಳೆಸಿದ್ದರಲ್ಲಿ ತಪ್ಪಾಯ್ತಾ ಅಂತ ಕೇಳಿದ್ದೀರಿ. ಇಲ್ಲ. ಬೆಂಗಳೂರಿನಿಂದ ಬಂದಿದ್ದಲ್ಲ, ಹಾಸ್ಟೆಲಿನಿಂದ ಬಂದಿದ್ದಲ್ಲ, ಮೊಬೈಲಿನಿಂದಲೂ ಅಲ್ಲ. ಬೆಂಗಳೂರಿನಲ್ಲಿ ಅವನಿಗೆ ಹೇಳಿಕೊಳ್ಳಲು ಜನ ಸಿಕ್ಕಿದ್ದಾರೆ, ಅಷ್ಟೇ. ಕಾರವಾರ, ಅಂಕೋಲಾ, ಹೊನ್ನಾವರದಲ್ಲೇ ಹುಟ್ಟಿ, ತಾಲೂಕು ದಾಟದೆ ಬೆಳೆದವರೂ ನನ್ನ ಹತ್ತಿರ ಬಂದು ಇದೇ ಮಾತು ಹೇಳಿದ್ದಾರೆ. ಅವರಲ್ಲಿ ಮೀನು ಮಾರುವ ಮನೆಯವರಿದ್ದರು, ಮೇಷ್ಟ್ರ ಮಕ್ಕಳಿದ್ದರು. ಹೆಣ್ಣುಮಕ್ಕಳೂ ಇದ್ದರು. ಹೆಣ್ಣುಮಕ್ಕಳ ಕಥೆ ಇನ್ನೂ ಕಷ್ಟ. ಅವರಿಗೆ ಬೆಂಗಳೂರಿಗೆ ಹೋಗಿ ಉಸಿರಾಡುವ ಅವಕಾಶವೂ ಕಮ್ಮಿ, ಮದುವೆ ಬೇಡ ಅನ್ನುವ ಧೈರ್ಯಕ್ಕೆ ಮನೆಯ ಬೆಂಬಲವೂ ಕಮ್ಮಿ.

ಕಾರಣ ಏನು ಅಂದರೆ, ಇದೊಂದೇ ಅಂತ ಬೊಟ್ಟು ಮಾಡಿ ತೋರಿಸಲು ಆಗುವುದಿಲ್ಲ. 2019ರಲ್ಲಿ ಸುಮಾರು 4.7 ಲಕ್ಷ ಜನರ ವಂಶವಾಹಿ ನೋಡಿದ ಒಂದು ದೊಡ್ಡ ಅಧ್ಯಯನ ಬಂತು. ಇದಕ್ಕೆ ಅಂತ ಒಂದೇ ಜೀನ್ ಇಲ್ಲ, ಸಣ್ಣ ಸಣ್ಣ ಪರಿಣಾಮ ಇರುವ ಬೇಕಾದಷ್ಟು ಜೀನ್‌ಗಳು ಸೇರುತ್ತವೆ, ಜೀನ್ ಒಂದರಿಂದಲೇ ಎಲ್ಲ ತೀರ್ಮಾನವೂ ಆಗುವುದಿಲ್ಲ ಅಂತ ಅದು ಹೇಳಿತು. ಗರ್ಭದಲ್ಲಿ ಮಗು ಬೆಳೆಯುವಾಗಿನ ಕಾರಣಗಳನ್ನೂ ವಿಜ್ಞಾನಿಗಳು ಹೇಳುತ್ತಾರೆ. ತಾಯಿ ಮುದ್ದು ಮಾಡಿದ್ದಕ್ಕೆ, ತಂದೆ ಗದರದೆ ಬಿಟ್ಟಿದ್ದಕ್ಕೆ ಹೀಗಾಯಿತು ಅನ್ನುವುದಕ್ಕೆ ಆಧಾರ ಇಲ್ಲ.

ಸ್ತ್ರೀವೇಷದ ಮಾತು ಓದಿ ನನಗೆ ಸಂಕಟ ಆಯಿತು. ಯಜಮಾನರಿಗೆ ಒಂದು ಮಾತು ಕೇಳಿ. ನಮ್ಮ ಕಡೆಯ ಯಕ್ಷಗಾನ ಶೈಲಿ ಬಡಗುತಿಟ್ಟಿನಲ್ಲಿ ತಲೆತಲಾಂತರದಿಂದ ದ್ರೌಪದಿ, ಮೋಹಿನಿ, ದಮಯಂತಿ ಎಲ್ಲ ಮಾಡಿದವರು ಗಂಡಸರೇ ಅಲ್ವಾ? ಬೆಳಗಿನ ಜಾವ ಬಣ್ಣ ತೊಳೆದು ಹೆಂಡತಿ ಮಕ್ಕಳು ಇರುವ ಮನೆಗೆ ಹೋದವರೇ ಅವರಲ್ಲಿ ಹೆಚ್ಚು. ಸೀರೆ ಉಟ್ಟಿದ್ದರಿಂದ ಒಲವು ಬದಲಾಗುವ ಹಾಗಿದ್ದರೆ ನಮ್ಮ ಜಿಲ್ಲೆಯಲ್ಲಿ ಎಷ್ಟು ಮನೆಗಳ ಕಥೆ ಬೇರೆ ಇರಬೇಕಿತ್ತು! ವೇಷ ಬೇರೆ, ಒಲವು ಬೇರೆ. ಇನ್ನೊಂದು ಗೊಂದಲ ಇದರ ಜೊತೆಗೇ ಬರುತ್ತದೆ. ನಿಮ್ಮ ಮಗ ತಾನು ಹೆಣ್ಣಾಗಬೇಕು ಅಂತ ಹೇಳುತ್ತಿಲ್ಲ. ಅದು ಲಿಂಗತ್ವ ಅಲ್ಪಸಂಖ್ಯಾತರ ವಿಷಯ, ಅದೇ ಬೇರೆ. ಅವನು ಗಂಡಸೇ. ಅವನ ಪ್ರೀತಿ ಇನ್ನೊಬ್ಬ ಗಂಡಸಿನ ಮೇಲೆ ಇದೆ. ಆ ವೇಷದ ಫೋಟೋ ಮನೆಯಲ್ಲಿದ್ದರೆ ದಯವಿಟ್ಟು ತೆಗೆದಿಡಬೇಡಿ. ಅವನು ಊರಿಗೆ ಬಂದಾಗ ಗೋಡೆ ಮೇಲೆ ಅದು ಕಾಣದಿದ್ದರೆ, ಬಾಯಲ್ಲಿ ಹೇಳಿದ್ದಕ್ಕಿಂತ ಜೋರಾಗಿ ಕೇಳಿಸುತ್ತದೆ.

ಏಡ್ಸ್ ಭಯವನ್ನು ನೀವು ಬರೆದಿಲ್ಲ, ಹೆಚ್ಚಿನ ತಂದೆಯರು ಅದನ್ನೇ ಮೊದಲು ಕೇಳುತ್ತಾರೆ. ರೋಗ ಬರುವುದು ಸುರಕ್ಷತೆ ಇಲ್ಲದ ಸಂಬಂಧದಿಂದ, ಗಂಡು ಹೆಣ್ಣಿನ ನಡುವೆಯೂ ಅಷ್ಟೇ. ಪರೀಕ್ಷೆ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ.

ಈಗ ನಿಮ್ಮ ಮನೆಯ ಮೂರು ತಲೆಮಾರಿನ ವಿಷಯಕ್ಕೆ ಬರುತ್ತೇನೆ. ಪತ್ರದಲ್ಲಿ ನನಗೆ ಜಾಸ್ತಿ ಕಾಡಿದ್ದು ಇದೇ.

ನಿಮ್ಮ ಯಜಮಾನರಿಗೆ ಅರವತ್ತರ ಆಸುಪಾಸು ಇರಬಹುದು. ಅವರು ಹುಡುಗರಾಗಿದ್ದಾಗ ಈ ವಿಷಯ ಕಿವಿಗೆ ಬೀಳುತ್ತಿದ್ದದ್ದು ಬೈಗುಳವಾಗಿ, ಇಲ್ಲವೇ ಪೊಲೀಸ್ ಕೇಸಾಗಿ. ತಾನು ಹೀಗೆ ಅಂತ ಹೇಳಿಕೊಂಡು ಮರ್ಯಾದೆಯಿಂದ ಬದುಕಿದ ಒಬ್ಬನೇ ಒಬ್ಬ ಮನುಷ್ಯನನ್ನೂ ಅವರು ನೋಡಿರಲಿಕ್ಕಿಲ್ಲ. 'ಸಲಿಂಗಕಾಮ' ಅಂತ ನಾವು ಬಳಸುತ್ತ ಬಂದ ಪದದಲ್ಲೇ 'ಕಾಮ' ಕೂತಿದೆ. ಕೇಳಿದ ಕೂಡಲೇ ಮಲಗುವ ಕೋಣೆಯೇ ಕಣ್ಣಿಗೆ ಬರುತ್ತದೆ. ಮಗನ ವಿಷಯದಲ್ಲಿ ಯಾವ ತಂದೆಗೆ ಅದನ್ನು ಯೋಚಿಸಲು ಆಗುತ್ತದೆ? ನಾನು 'ಸಲಿಂಗ ಪ್ರೇಮ' ಅಂತಲೇ ಹೇಳುತ್ತೇನೆ. ನಿಮ್ಮ ಮಗ ಒಬ್ಬನ ಜೊತೆ ನಾಲ್ಕು ವರ್ಷ ಕಳೆದಿದ್ದಾನೆ. ಅವನಿಗೆ ಜ್ವರ ಬಂದಾಗ ಗಂಜಿ ಮಾಡಿ ಕೊಟ್ಟವರು ಯಾರು ಅಂತ ಒಮ್ಮೆ ಕೇಳಿ ನೋಡಿ. ಆ ಉತ್ತರವನ್ನು ಯಜಮಾನರಿಗೆ ಹೇಳಿ.

ಮಗಳ ಕಾಲ ಬೇರೆ. ಇದು ಅಪರಾಧ ಅಲ್ಲ ಅಂತ 2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟಿನ ತೀರ್ಪು ಬಂದಾಗ ಅವಳು ಪಿಯುಸಿ ವಯಸ್ಸಿನಲ್ಲಿದ್ದಳು. ಅವಳ ಫೋನಿಗೆ ಅದು ಸುದ್ದಿಯಾಗಿ ಬಂತು, ಕಥೆಯಾಗಿ ಬಂತು, ತಮ್ಮ ಬಗ್ಗೆ ತಾವೇ ಮಾತಾಡುವ ಜನರ ಮುಖವಾಗಿ ಬಂತು. ಹಾಗಂತ ಅವಳ ವಯಸ್ಸಿನವರೆಲ್ಲ ಒಪ್ಪಿಬಿಟ್ಟಿದ್ದಾರೆ ಅಂದುಕೊಳ್ಳಬೇಡಿ. ಕಾಲೇಜು ಹುಡುಗರನ್ನು ನನ್ನ ಕೋಣೆಯವರೆಗೆ ಅಳಿಸಿ ತರುವವರು ಹತ್ತೊಂಬತ್ತು ವರ್ಷದ ಅವರ ಗೆಳೆಯರೇ. ಅದೇ ಫೋನಿನ ವಾಟ್ಸಾಪ್ ಗುಂಪಿನಲ್ಲೇ ಗೇಲಿ ನಡೆಯುತ್ತದೆ.

ಅಜ್ಜಿಯ ಮಾತು ನನಗೆ ಆಶ್ಚರ್ಯ ತರಲಿಲ್ಲ. ಎಷ್ಟೋ ಮನೆಗಳಲ್ಲಿ ಅಪ್ಪ ಅಮ್ಮನಿಗಿಂತ ಅಜ್ಜ ಅಜ್ಜಿ ಮೆತ್ತಗಿರುವುದನ್ನು ನೋಡಿದ್ದೇನೆ. ನಾಲ್ಕು ಜನಕ್ಕೆ ಉತ್ತರ ಕೊಡುವ ಭಾರ ಅವರ ತಲೆಯಿಂದ ಇಳಿದಿರುತ್ತದೆ. ಹಳೇ ಕಾಲದ ದೊಡ್ಡ ಮನೆಗಳಲ್ಲಿ ಮದುವೆಯಾಗದೆ ಉಳಿದ ಒಬ್ಬ ಚಿಕ್ಕಪ್ಪನೋ ದೊಡ್ಡಪ್ಪನೋ ಇರುತ್ತಿದ್ದರು. ಯಾಕೆ ಅಂತ ಯಾರೂ ಕೇಳುತ್ತಿರಲಿಲ್ಲ. ಆ ಮೌನದಲ್ಲಿ ಒಳ್ಳೆಯದೂ ಇತ್ತು. ಅದೇ ಮೌನದಲ್ಲಿ ಎಷ್ಟೋ ಹೆಣ್ಣುಮಕ್ಕಳ ಬಾಳು ಬಾಯಿಲ್ಲದೆ ಸವೆದೂ ಹೋಗಿದೆ. ಅಜ್ಜಿಯ ಪ್ರೀತಿ ಇಟ್ಟುಕೊಳ್ಳಿ, ಆ ಮೌನ ಇಟ್ಟುಕೊಳ್ಳಬೇಡಿ.

ಯಜಮಾನರು ಈ ವಯಸ್ಸಿನಲ್ಲಿ ಬದಲಾಗುತ್ತಾರಾ ಅಂತ ನಿಮಗೆ ಅನಿಸಬಹುದು. ಪ್ಯೂ ಎಂಬ ಅಮೆರಿಕದ ಸಂಶೋಧನಾ ಸಂಸ್ಥೆ ನಮ್ಮ ದೇಶದಲ್ಲಿ ಈ ಪ್ರಶ್ನೆ ಕೇಳಿತ್ತು. ಸಮಾಜ ಇದನ್ನು ಒಪ್ಪಬೇಕು ಅಂದವರು 2014ರಲ್ಲಿ ನೂರಕ್ಕೆ 15 ಜನ. 2019ರಲ್ಲಿ 37. ಐದು ವರ್ಷದಲ್ಲಿ ಒಂದು ಹೊಸ ತಲೆಮಾರು ಬೆಳೆದು ನಿಲ್ಲುವುದಿಲ್ಲ ಅಲ್ವಾ? ಇದ್ದ ಜನರಲ್ಲೇ ಎಷ್ಟೋ ಮಂದಿ ಮನಸ್ಸು ಬದಲಾಯಿಸಿದ್ದಾರೆ. ಮದ್ರಾಸ್ ಹೈಕೋರ್ಟಿನ ನ್ಯಾಯಮೂರ್ತಿ ಆನಂದ ವೆಂಕಟೇಶ್ ಅವರ ಮುಂದೆ 2021ರಲ್ಲಿ ಇಬ್ಬರು ಹುಡುಗಿಯರ ಕೇಸು ಬಂತು. ಮನೆಯವರಿಂದ ರಕ್ಷಣೆ ಕೊಡಿ ಅಂತ ಕೇಳಿದ್ದರು. ಈ ವಿಷಯ ನನಗೇ ಇನ್ನೂ ಪೂರ್ತಿ ಅರ್ಥವಾಗಿಲ್ಲ ಅಂತ ನ್ಯಾಯಮೂರ್ತಿಗಳು ಮೊದಲು ತಾವೇ ಮನಶ್ಶಾಸ್ತ್ರಜ್ಞರ ಹತ್ತಿರ ಕೂತು ತಿಳಿದುಕೊಂಡರು. ಅದನ್ನು ಆದೇಶದಲ್ಲೂ ಬರೆದರು. ಹೈಕೋರ್ಟಿನ ನ್ಯಾಯಾಧೀಶರಿಗೇ ಸಮಯ ಬೇಕಾಯಿತು ಅಂದ ಮೇಲೆ ನಿಮ್ಮ ಮನೆಯವರಿಗೂ ಬೇಕು. ಮಗಳಿಗೆ ಈ ಮಾತು ನೀವೇ ಹೇಳಿ. ಅವಳು ಅಣ್ಣನ ಪರ ನಿಂತದ್ದು ದೊಡ್ಡದು. ಆದರೆ 'ಅಪ್ಪ ಹಳೇ ಕಾಲದವರು' ಅಂತ ದಿನಾ ಚುಚ್ಚಿದರೆ ಅವರು ಇನ್ನೂ ಬಿಗಿಯಾಗುತ್ತಾರೆ. ಅವಳ ಅಣ್ಣನಿಗೂ ತನ್ನನ್ನು ತಾನು ಒಪ್ಪಿಕೊಳ್ಳಲು ವರ್ಷಗಳು ಹಿಡಿದಿವೆ. ಅಪ್ಪನಿಗೆ ಇನ್ನೂ ಕೆಲವು ವಾರ ಆಗಿದೆ ಅಷ್ಟೇ.

ಕಾನೂನೇ ಒಪ್ಪಿದೆ ಅಂತ ಅವಳು ಹೇಳಿದ್ದರಲ್ಲಿ ಅರ್ಧ ಸರಿ. ಬ್ರಿಟಿಷರು 1860ರಲ್ಲಿ ಬರೆದ 377ನೇ ಕಲಂ ಇದನ್ನು ಅಪರಾಧ ಮಾಡಿತ್ತು. ದೆಹಲಿ ಹೈಕೋರ್ಟ್ 2009ರಲ್ಲಿ ಅದನ್ನು ತೆಗೆಯಿತು, 2013ರಲ್ಲಿ ಸುಪ್ರೀಂ ಕೋರ್ಟ್ ಮತ್ತೆ ತಂದಿತು, 2018ರಲ್ಲಿ ಅದೇ ಕೋರ್ಟಿನ ಐವರು ನ್ಯಾಯಮೂರ್ತಿಗಳು ಒಮ್ಮತದಿಂದ, ವಯಸ್ಕರು ಒಪ್ಪಿ ಖಾಸಗಿಯಾಗಿ ಇಟ್ಟುಕೊಂಡ ಸಂಬಂಧ ಅಪರಾಧ ಅಲ್ಲ ಎಂದರು. ಆ ದಿನ ನ್ಯಾಯಮೂರ್ತಿ ಇಂದು ಮಲ್ಹೋತ್ರಾ ಅವರು, ಈ ಸಮುದಾಯದವರಿಗೂ ಅವರ ಕುಟುಂಬಗಳಿಗೂ ಇತಿಹಾಸ ಕ್ಷಮೆ ಕೇಳಬೇಕು ಅಂತ ಬರೆದರು. ಕುಟುಂಬಗಳಿಗೂ ಅಂದರಲ್ಲ, ಅದು ನಿಮಗೂ ಸೇರಿದ್ದು. ಆದರೆ ಮದುವೆಗೆ ಕಾನೂನಿನ ಮಾನ್ಯತೆ ಇಲ್ಲ. ಅದು ಸಂಸತ್ತಿಗೆ ಬಿಟ್ಟ ವಿಷಯ ಅಂತ 2023ರ ಅಕ್ಟೋಬರ್ 17ರಂದು ಸುಪ್ರೀಂ ಕೋರ್ಟ್ ಹೇಳಿತು. ಹಾಗಾಗಿ ಇಬ್ಬರೂ ಕಾಗದ ಪತ್ರ ಸರಿ ಇಟ್ಟುಕೊಳ್ಳಬೇಕು. ಉಯಿಲು, ವಿಮೆಗೆ ನಾಮಿನಿ ಇವೆಲ್ಲ. ಜಂಟಿ ಬ್ಯಾಂಕ್ ಖಾತೆ ತೆರೆಯಲು, ಸಂಗಾತಿಯನ್ನು ನಾಮಿನಿ ಮಾಡಲು ತಡೆ ಇಲ್ಲ ಅಂತ ಕೇಂದ್ರ ಸರ್ಕಾರ 2024ರಲ್ಲಿ ಸ್ಪಷ್ಟ ಮಾಡಿದೆ.

ಹುಡುಗಿ ಮನೆಗೆ ಏನು ಹೇಳುವುದು? ಜಾತಕದ ಮೇಲೆ ಹಾಕುವ ಹಾಗಿಲ್ಲ, ಅದು ಹೊಂದಿ ಆಗಿದೆ. ಹುಡುಗಿಯಲ್ಲಿ ತಪ್ಪು ಹುಡುಕುವುದಂತೂ ಮಾಡಲೇಬೇಡಿ. ಫೋನಿನಲ್ಲಿ ಬೇಡ, ನೀವಿಬ್ಬರೂ ಹೋಗಿ. 'ನಮ್ಮ ಹುಡುಗನಿಗೆ ಮದುವೆ ಬೇಡವಂತೆ. ಮೊದಲೇ ಅವನನ್ನು ಸರಿಯಾಗಿ ಕೇಳದೆ ಮುಂದುವರಿದದ್ದು ನಮ್ಮ ತಪ್ಪು. ನಿಮ್ಮ ಕೂಸಿನಲ್ಲಿ ಏನೂ ಕೊರತೆ ಇಲ್ಲ.' ಇಷ್ಟು ಸಾಕು, ಇದರಲ್ಲಿ ಒಂದಕ್ಷರ ಸುಳ್ಳಿಲ್ಲ. ಅವರು ಸಿಟ್ಟು ಮಾಡುತ್ತಾರೆ. ಖರ್ಚು ಮಾಡಿದ್ದರೆ ಕೊಟ್ಟುಬಿಡಿ. ಎರಡು ತಿಂಗಳು ಊರಲ್ಲಿ ಮಾತಾಗುತ್ತದೆ. ಮದುವೆಯಾಗಿ ಎರಡು ವರ್ಷಕ್ಕೆ ಮುರಿದರೆ ಆಗುವ ಮಾತಿನ ಮುಂದೆ ಅದು ಏನೂ ಅಲ್ಲ.

ನಿಜವಾದ ಕಾರಣ ಹೇಳುವುದು ಬಿಡುವುದು ಮಗನಿಗೆ ಸೇರಿದ್ದು. ಅವನನ್ನು ಕೇಳದೆ ತವರುಮನೆಯಲ್ಲೂ ಹೇಳಬೇಡಿ. ಆದರೆ ನೀವೊಬ್ಬರೇ ಎಷ್ಟು ಅಂತ ನುಂಗುತ್ತೀರಿ? ಅವನ ಒಪ್ಪಿಗೆ ಪಡೆದು ಒಬ್ಬರಿಗೆ ಹೇಳಿ. ಬಾಯಿ ಗಟ್ಟಿ ಇರುವ ಅಕ್ಕನೋ ತಂಗಿಯೋ ಇದ್ದರೆ ಸಾಕು. ನಿಮ್ಮ ಹಾಗೇ ಮಕ್ಕಳು ಇರುವ ತಂದೆ ತಾಯಿಯರ ಗುಂಪುಗಳು ಬೆಂಗಳೂರಿನಲ್ಲಿವೆ. ಮಗನನ್ನೇ ಕೇಳಿದರೆ ತಿಳಿಯುತ್ತದೆ.

ಮಗಳ ಮದುವೆಗೆ ತೊಂದರೆ ಆಗುತ್ತದಾ ಅಂತ ಒಳಗೊಳಗೇ ನಿಮಗೆ ಇರಬಹುದು. ಆಗುವುದೇ ಇಲ್ಲ ಅಂತ ಹೇಳಿದರೆ ಸುಳ್ಳಾಗುತ್ತದೆ. ಯಾರೋ ಒಂದು ಮನೆಯವರು ಹಿಂದೆ ಸರಿಯಬಹುದು. ಆದರೆ ಈ ವಿಷಯದಲ್ಲಿ ಮಗಳು ಅಣ್ಣನ ಪರ ನಿಂತಾಗಿದೆ. ಅವಳು ಮದುವೆಯಾಗುವ ಹುಡುಗನಿಗೆ ಇದನ್ನು ಹೇಳುವವಳು ಅವಳೇ ಆಗಿರುತ್ತಾಳೆ.

ತೋಟ ಯಾರು ನೋಡಿಕೊಳ್ಳುತ್ತಾರೆ, ವಂಶ ಏನಾಗುತ್ತದೆ ಅಂತ ಯಜಮಾನರು ಕೇಳಿಯೇ ಕೇಳುತ್ತಾರೆ. ಮೊಮ್ಮಗು ಬೇಕು ಅನ್ನುವುದು ತಪ್ಪು ಆಸೆ ಅಲ್ಲ. ಅದು ಈಡೇರಲಿಕ್ಕಿಲ್ಲ ಅನ್ನುವ ದುಃಖ ನಿಜವಾದ ದುಃಖ. ಅದಕ್ಕೆ ಅಳಬೇಕು ಅನಿಸಿದರೆ ಅಳಲಿ, ಮಗನ ಎದುರಿಗೆ ಬೇಡ. ತೋಟದ ಮಾತು ಬೇರೆ. ಮದುವೆಯಾದ ಮಕ್ಕಳೂ ಬೆಂಗಳೂರಿನಲ್ಲೇ ಉಳಿದು, ನಮ್ಮ ಹಳ್ಳಿಗಳ ಎಷ್ಟು ಮನೆಗಳಲ್ಲಿ ವಯಸ್ಸಾದ ಇಬ್ಬರೇ ಇದ್ದಾರೆ. ನಿಮ್ಮ ಮಗ ಕೊಯ್ಲಿಗೆ ರಜೆ ಹಾಕಿ ಬರುತ್ತಾನೆ.

ಕೆಲವು ಕಡೆ ಇನ್ನೊಂದು ದಾರಿಯ ಮಾತೂ ಬರುತ್ತದೆ. ಹುಡುಗರ ಮೇಲೆ ಒಲವಿಲ್ಲದ ಒಬ್ಬ ಹುಡುಗಿಯನ್ನು ಹುಡುಕಿ, ಇಬ್ಬರೂ ಒಪ್ಪಿ ಹೆಸರಿಗೆ ಮದುವೆಯಾಗುವುದು. ಇಲ್ಲಿ ಯಾರಿಗೂ ಮೋಸ ಇಲ್ಲ, ನಿಜ. ಆದರೆ ಎರಡು ಮನೆಯವರ ಮುಂದೆ ಜನ್ಮವಿಡೀ ನಟಿಸಬೇಕು, ಮಕ್ಕಳು ಯಾವಾಗ ಅನ್ನುವ ಪ್ರಶ್ನೆ ಮತ್ತೆ ಶುರುವಾಗುತ್ತದೆ. ನಾನು ನೋಡಿದ ಒಂದೆರಡು ಕಡೆ ಅದು ಕೊನೆಗೆ ಹೊರೆಯೇ ಆಗಿದೆ. ನೀವಾಗಿ ಇದನ್ನು ಎತ್ತಬೇಡಿ.

ಆ ಹುಡುಗನನ್ನು ಮನೆಗೆ ಕರೆಯಬೇಕಾ ಅಂತ ಈಗಲೇ ತಲೆ ಕೆಡಿಸಿಕೊಳ್ಳಬೇಡಿ. ಹೆಸರು ಕೇಳಿ, ಯಾವ ಊರು ಕೇಳಿ. ಸದ್ಯಕ್ಕೆ ಅಷ್ಟು ಸಾಕು. ಇವತ್ತಿನ ಫೋನಿನಲ್ಲಿ ಜೀವದ ವಿಷಯ ಕೇಳಿ ಆದ ಮೇಲೆ, ಮದುವೆ ನಿಲ್ಲಿಸುತ್ತಿದ್ದೇವೆ ಅಂತ ಹೇಳಿ. ಅಜ್ಜಿ ಕೇಳಿದ್ದನ್ನು ಹೇಳಿ. ಆಮೇಲೆ ಎಂದಿನ ಹಾಗೆ ಹಸು, ಮಳೆ, ಅಡಿಕೆ ರೇಟು ಏನು ಬೇಕಾದರೂ ಮಾತಾಡಿ. ಯಜಮಾನರ ಕೈಗೆ ಫೋನ್ ತುರುಕಬೇಡಿ. ಅವರು ಜಗುಲಿಯಲ್ಲಿ ಕೂತು ಕೇಳಿಸಿಕೊಳ್ಳುತ್ತಿದ್ದರೆ ಸ್ವಲ್ಪ ಜೋರಾಗಿ ಮಾತಾಡಿ.

ನಾನು ತಿಂಗಳ ಮೊದಲ ಮತ್ತು ಮೂರನೇ ಶನಿವಾರ ದೇವಿಮನೆ ಘಟ್ಟ ಹತ್ತಿ ಶಿರಸಿಗೆ ಬರುತ್ತೇನೆ. ಮಗನನ್ನು ಕರೆತರುವುದು ಬೇಡ, ಅವನಿಗೆ ಬೇಕು ಅನಿಸಿದರೆ ಅವನೇ ಬರಲಿ. ಯಜಮಾನರನ್ನು ಕಳಿಸಿ, ಒಬ್ಬರನ್ನೇ. ಮಧ್ಯಾಹ್ನದ ಮೇಲೆ ಜನ ಕಮ್ಮಿ ಇರುತ್ತಾರೆ. ಇಷ್ಟು ದಿನ ಮಾತಾಡದೆ ಇದ್ದವರಿಗೆ ಹೇಳುವುದು ಬಹಳ ಇರುತ್ತದೆ, ಒಂದು ಗಂಟೆ ಅವರಿಗಾಗಿಯೇ ಇಟ್ಟಿರುತ್ತೇನೆ.